ಕೋಟೆಯ ಕಿಂಡಿ

ಚಿತ್ರದುರ್ಗದ ಕೋಟೆಯನ್ನು ನೋಡಿಬಂದವರಿಗೆಲ್ಲ ಓಬವ್ವನ ಕಿಂಡಿ ಗೊತ್ತು. ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಾಗ, ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿಬಂದ ಹೈದರಾಲಿಯ ಸೈನಿಕರನ್ನು ಆಕೆ ಒನಕೆಯಿಂದ ಬಡಿದು ಕೆಡವಿದ ಕಥೆಯನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಕಥೆಯ ಮೊದಲ ಭಾಗವನ್ನು ನೆನೆಯುವವರು ಕಡಮೆ. ಜನ ಹೇಳುವಂತೆ, ಆ ಕಿಂಡಿಯನ್ನು ಶತ್ರು ತಾನಾಗಿ ಹುಡುಕಲಿಲ್ಲ. ಯಾರೋ ಒಬ್ಬರು ಅದರೊಳಗೆ ನುಸುಳಿದುದನ್ನು ಕಂಡು ತಿಳಿದುಕೊಂಡ. ಹಾಗೆ ನುಸುಳಿದವರು ದ್ರೋಹಿಗಳೇನೂ ಆಗಿರಲಾರರು; ಹೆಬ್ಬಾಗಿಲು ದೂರವೆಂದು ಹತ್ತಿರದ ದಾರಿ ಹಿಡಿದ ಪಾಪದ ಜೀವವಿರಬೇಕು. ನಾನು ಒಂದು ಕಾಲಕ್ಕೆ ಆ ಜೀವದ ಪಕ್ಷದವನಾಗಿದ್ದೆ.

2011ರ ಮಾತು. ಆಗ ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಇಪ್ಪತ್ತು ವರ್ಷ ಚೀಟಿಗಳಲ್ಲಿ ಕೂಡಿಹಾಕಿದ್ದ ಶಬ್ದಸಂಗ್ರಹವನ್ನೆಲ್ಲ ಮನೆಯ ಕಂಪ್ಯೂಟರಿಗೆ ಏರಿಸಿ ಮುಗಿಸಿದ್ದೆ. ತರಗತಿಯಲ್ಲಿ ಹುಡುಗನೊಬ್ಬ ಹಳೆಯ ಶಬ್ದವೊಂದರ ಅರ್ಥ ಕೇಳುವನು. ಉತ್ತರ ಇರುವುದು ಹತ್ತು ಮೈಲಿ ಆಚೆಯ ನನ್ನ ಮನೆಯಲ್ಲಿ. ಕಾಲೇಜಿನ ಯಂತ್ರಗಳು ಪೆನ್‌ಡ್ರೈವನ್ನು ಮುಟ್ಟುತ್ತಿರಲಿಲ್ಲ. ಕಡತಗಳನ್ನು ಇಟ್ಟುಕೊಳ್ಳುವ ಅಂತರಜಾಲದ ಉಗ್ರಾಣಗಳಿಗೂ ಬೀಗ. ಫೈರ್‌ವಾಲ್ ಎಂಬ ಗೋಡೆ ಎರಡೇ ಬಾಗಿಲುಗಳನ್ನು ತೆರೆದಿಟ್ಟಿತ್ತು: ಸಾಮಾನ್ಯ ಜಾಲಪುಟಗಳು ಬರುವ 80ನೆಯ ಪೋರ್ಟು, ಗುಪ್ತಲಿಪಿಯಲ್ಲಿ ಬರುವ ಪುಟಗಳ 443ನೆಯ ಪೋರ್ಟು. ಉಳಿದ ಅರುವತ್ತೈದು ಸಾವಿರ ಚಿಲ್ಲರೆ ಬಾಗಿಲುಗಳೂ ಮುಚ್ಚಿದ್ದವು.

ಪ್ರಯೋಗಾಲಯದಲ್ಲಿ ತಾತ್ಕಾಲಿಕ ಸಹಾಯಕನಾಗಿದ್ದ ಒಬ್ಬ ತರುಣ ನನ್ನ ಪೇಚಾಟವನ್ನು ನೋಡಿ, "ದಾರಿ ಮಾಡಬಹುದು ಸಾರ್, ಆದರೆ ಮೊದಲು ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆಯಿರಿ" ಎಂದ. "ಅದನ್ನು ಓದುವವರು ಯಾರಪ್ಪ?" ಎಂದು ನಾನು ನಕ್ಕುಬಿಟ್ಟೆ. ಅರ್ಜಿ ಬರೆಯಲಿಲ್ಲ. ಅವನು ದಾರಿ ಮಾಡಿಕೊಟ್ಟ.

ಆ ದಾರಿಯ ಜಾಣ್ಮೆಯನ್ನು ಹೇಳದೆ ಮುಂದುವರಿಯಲಾರೆ. ಕಾಲೇಜಿನ ಗೋಡೆ ನನ್ನನ್ನು ಹೊರಗೆ ಬಿಡದು. ಮನೆಯ ರೂಟರು ಹೊರಗಿನ ಕರೆಯನ್ನು ಒಳಗೆ ಬಿಡದು. ಇಬ್ಬರೂ ಮನೆಯೊಳಗೇ ಇದ್ದರೆ ಭೇಟಿ ಹೇಗೆ? ಆತ ನಡುದಾರಿಯಲ್ಲಿ ಒಂದು ಛತ್ರವನ್ನು ಹೂಡಿದ. ಎಂದರೆ ಬಾಡಿಗೆಯ ಒಂದು ಚಿಕ್ಕ ಯಂತ್ರ. ನನ್ನ ಮನೆಯ ಕಂಪ್ಯೂಟರು ತಾನಾಗಿಯೇ ಆ ಛತ್ರಕ್ಕೆ ಹೋಗಿ ಕೈಚಾಚಿ ನಿಂತಿರುತ್ತಿತ್ತು. ನಾನು ಕಾಲೇಜಿನಿಂದ 443ರ ಬಾಗಿಲಲ್ಲಿ, ಜಾಲಪುಟ ನೋಡಲು ಹೊರಟವನಂತೆ ಹೊರಬಿದ್ದು, ಅಲ್ಲಿ ಅದರ ಕೈಹಿಡಿಯುತ್ತಿದ್ದೆ. ಮೂರು ತಿಂಗಳು ಈ ಸುಖ ನಡೆಯಿತು. ಮೊದಲ ದಿನ ಕಾಲೇಜಿನ ಪರದೆಯ ಮೇಲೆ ನನ್ನ ಮನೆಯ ಕಡತಗಳ ಸಾಲು ಮೂಡಿದಾಗ, ಪರಸ್ಥಳದಲ್ಲಿ ಊರಿನವರನ್ನು ಕಂಡಷ್ಟು ಹಿಗ್ಗಿದ್ದೆ.

ಈ ಸುರಂಗಕ್ಕೆ ಬಳಸಿದ ಎಸ್‌ಎಸ್‌ಎಚ್ ಎಂಬ ಉಪಕರಣವನ್ನು 1995ರಲ್ಲಿ ರಚಿಸಿದವನು ಫಿನ್ಲೆಂಡಿನ ತಾತು ಉಲೋನೆನ್. ತನ್ನ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದು ಓದಿದ್ದರಿಂದ ಅವನು ಇದಕ್ಕೆ ಕೈಹಾಕಿದ. ಅದಕ್ಕೊಂದು ಪೋರ್ಟು ಸಂಖ್ಯೆ ಬೇಕಾದಾಗ, ಸಂಖ್ಯೆಗಳನ್ನು ಹಂಚುವವರಿಗೆ ಪತ್ರ ಬರೆದು 22ನ್ನು ಕೇಳಿದ. 21ಕ್ಕೂ 23ಕ್ಕೂ ನಡುವೆ ಅದು ಖಾಲಿಯಿತ್ತು, ಮರುದಿನವೇ ಕೊಟ್ಟರು. ಕೇಳಿ ಪಡೆದ ಬಾಗಿಲಿನ ಉಪಕರಣವನ್ನು ನಾನು ಕೇಳದೆ ಬೇರೆಯವರ ಬಾಗಿಲಲ್ಲಿ ತೂರಿಸಿದ್ದೆ.

ಸುರಂಗ ಪತ್ತೆಯಾಯಿತು. ಜಾಲಪುಟ ನೋಡುವವನು ದಿನವೆಲ್ಲ ಒಂದೇ ಪುಟದ ಮುಂದೆ ಕುಳಿತಿರುವನೇ? ನೋಟೀಸು ಬಂದುದು ಆ ತರುಣನಿಗೆ. ತಪ್ಪು ನನ್ನದೆಂದು ನಾನು ಎರಡು ಪುಟ ಬರೆದುಕೊಟ್ಟೆ. ವಿಷಯ ಮುಗಿದಿದೆಯೆಂಬ ಒಂದು ಸಾಲಿನ ಉತ್ತರ ದೊರೆಯಿತು; ಮುಂದಿನ ವರ್ಷ ಅವನ ನೇಮಕವನ್ನು ನವೀಕರಿಸಲಿಲ್ಲ. ನನ್ನ ಸಂಬಳದಲ್ಲಿ ಒಂದು ರೂಪಾಯಿಯೂ ಕಡಮೆಯಾಗಲಿಲ್ಲ.

ಗೋಡೆಯನ್ನು ಹಳಿಯಲು ನನಗೆ ಮನಸ್ಸಿಲ್ಲ. 1988ರ ನವೆಂಬರಿನಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ 'ಹುಳು' ಸಾವಿರಾರು ಯಂತ್ರಗಳನ್ನು ಸ್ತಬ್ಧಗೊಳಿಸಿತು. ಇಂಥ ಅನುಭವಗಳಿಂದಲೇ ಗೋಡೆಗಳು ಎದ್ದವು. ಸುರಂಗಕ್ಕೆ ಎರಡು ಬಾಯಿಗಳಿರುವುದನ್ನೂ ಮರೆಯಬಾರದು. ನನ್ನ ಮನೆಯ ಯಂತ್ರಕ್ಕೆ ರೋಗ ತಗುಲಿದ್ದರೆ, ಅದೇ ದಾರಿಯಲ್ಲಿ ಕಾಲೇಜಿನ ಪರೀಕ್ಷಾ ವಿಭಾಗದವರೆಗೂ ನಡೆಯಬಹುದಿತ್ತು. ಮನೆಯ ಯಂತ್ರ ನನ್ನದೇ ಹೌದು, ನಡುವಿನ ನೆಲ ನನ್ನದಲ್ಲ. ಒಡೆಯನ ಅಥವಾ ಮೇಲ್ವಿಚಾರಕನ ಅನುಮತಿಯಿಲ್ಲದ ಪ್ರವೇಶವನ್ನು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಸುಮ್ಮನೆ ನಿಷೇಧಿಸಿಲ್ಲ.

ನನ್ನ ತಕರಾರು ಕಾವಲಿನ ಬಗೆಗಲ್ಲ, ಕಾವಲುಗಾರನಿಲ್ಲದ ಗೋಡೆಯ ಬಗೆಗೆ. ಕೋಟೆಯ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಯಾರು, ಎಲ್ಲಿಗೆ, ಏತಕ್ಕೆ ಎಂದು ಕೇಳುತ್ತಾನೆ. ಉತ್ತರ ಸರಿಯೆನಿಸಿದರೆ ದಿಡ್ಡಿಯನ್ನಾದರೂ ತೆಗೆಯುತ್ತಾನೆ. ನಮ್ಮ ಸಂಸ್ಥೆಗಳ ಗೋಡೆಯಲ್ಲಿ 'ನಿಷೇಧಿಸಲಾಗಿದೆ' ಎಂಬ ಬರಹವಿರುತ್ತದೆ, ಕೇಳುವ ಕಿವಿಯಿರುವುದಿಲ್ಲ. ಕೇಳಲು ಸ್ಥಳವಿಲ್ಲದೆಡೆ ಸಭ್ಯರೂ ಕಿಂಡಿ ಹುಡುಕುತ್ತಾರೆ. ಹಾಗೆ ಹುಡುಕಿದ ಕಿಂಡಿಗಳ ಲೆಕ್ಕ ಕೋಟೆಯವರಿಗೇ ಇರುವುದಿಲ್ಲ. ಭದ್ರತೆಯ ದೃಷ್ಟಿಯಿಂದಲೇ ನೋಡಿದರೂ, ಹತ್ತು ಕಳ್ಳದಾರಿಗಳಿಗಿಂತ ಕಾವಲಿರುವ ಒಂದು ದಿಡ್ಡಿ ಲೇಸಲ್ಲವೆ? ದಿಡ್ಡಿ ತೆಗೆಯುವುದು ಕಷ್ಟವೆಂಬ ವಾದವನ್ನು ನಾನು ಬಹುಕಾಲ ನಂಬಿದ್ದೆ.

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಅಧ್ಯಾಪಕರು ಮನೆಯಲ್ಲಿ ಕುಳಿತೇ ಕಾಲೇಜಿನ ಕಡತಗಳನ್ನು ತೆರೆಯಬೇಕಾಯಿತು. ಒಂಬತ್ತು ವರ್ಷ ಅಸಾಧ್ಯವಾಗಿದ್ದುದು ಕೆಲವೇ ದಿನಗಳಲ್ಲಿ ಸಾಧ್ಯವಾಯಿತು. ವಿಪಿಎನ್ ಎಂಬ ಅಧಿಕೃತ ಸುರಂಗವೊಂದು ಸಿದ್ಧವಾಗಿ, ಅದನ್ನು ಬಳಸುವ ಕ್ರಮವನ್ನು ವಿವರಿಸುವ ಒಂದು ಹಾಳೆ ನಮಗೆಲ್ಲ ಬಂತು. ಸಂಸ್ಥೆಗೆ ಬೇಕಾದಾಗ ಗೋಡೆ ಬಾಗುತ್ತದೆ; ಅಧ್ಯಾಪಕನಿಗೆ ಬೇಕಾದಾಗ ಕಲ್ಲು. ಆ ಹಾಳೆಯ ಮೂರನೆಯ ಸಾಲಿನಲ್ಲಿ ಪೋರ್ಟು ಸಂಖ್ಯೆಯನ್ನು ನಮೂದಿಸಿದ್ದರು: 443.

ಆ ಸಂಜೆ ಅವನಿಗೆ ಫೋನು ಮಾಡಿದೆ. ಈಗ ಬೇರೆಲ್ಲೋ ಒಳ್ಳೆಯ ಕೆಲಸದಲ್ಲಿದ್ದಾನೆ. ಹಾಳೆಯನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ನಕ್ಕ. ಆಮೇಲೆ ಕೇಳಿದ: "ಈ ಸಲ ಅರ್ಜಿ ಬರೆದವರು ಯಾರು ಸಾರ್?"