ಅಂಗಳದ ಮರಕ್ಕೆ ಕಟ್ಟುವ ದರ

ಶಿವಮೊಗ್ಗದ ವಿನೋಬನಗರದಲ್ಲಾಗಲಿ, ಭದ್ರಾವತಿಯ ಹಳೆಯ ಕಾರ್ಖಾನೆ ವಸತಿಗಳಲ್ಲಾಗಲಿ, ಮನೆಯಂಗಳದ ಮರವೊಂದನ್ನು ತೆಗೆಸಬೇಕಾದಾಗ ನಡೆಯುವ ಚೌಕಾಸಿ ಬಹುಮಟ್ಟಿಗೆ ಒಂದೇ ಬಗೆಯದು. ಮರ ಕಡಿಯುವವನು ಬುಡದಲ್ಲಿ ನಿಂತು ತಲೆಯೆತ್ತಿ ನೋಡುತ್ತಾನೆ, ಒಂದು ಮೊತ್ತ ಹೇಳುತ್ತಾನೆ. ಮನೆಯ ಯಜಮಾನರು ಅದರ ಅರ್ಧಕ್ಕೆ ಕೇಳುತ್ತಾರೆ. ನಡುವೆ ಎಲ್ಲೋ ಮಾತು ಮುಗಿಯುತ್ತದೆ. ಆ ಮೊತ್ತದಲ್ಲಿ ಏನು ಸೇರಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ಇಬ್ಬರೂ ಕೇಳಿಕೊಳ್ಳುವುದಿಲ್ಲ. ಚೌಕಾಸಿಯಲ್ಲಿ ಮೊದಲು ಬಿಟ್ಟುಹೋಗುವುದು ಮರ ಹತ್ತುವವನ ಜೀವರಕ್ಷಣೆಯ ಖರ್ಚು.

ಮಲೆನಾಡಿನಲ್ಲಿ ಈ ವ್ಯವಹಾರಕ್ಕೆ ಹಿಂದಿನಿಂದ ಬಂದ ಒಂದು ಆಧಾರವಿದೆ: ಮರದ ಬೆಲೆಯಲ್ಲಿ ಕೂಲಿಯನ್ನು ಕಳೆಯುವುದು. ಹಲಸು, ತೇಗಗಳ ನಾಟಕ್ಕೆ ಬೆಲೆ ಇರುವುದರಿಂದ ಕಡಿಯುವವನೇ ಯಜಮಾನನಿಗೆ ಹಣ ಕೊಡುವುದುಂಟು. ಗಾಳಿಮರವಾದರೆ ಒಳ್ಳೆಯ ಸೌದೆಯಾಗುತ್ತದೆ, ಕೂಲಿಯ ಒಂದು ಪಾಲು ಅದರಲ್ಲೇ ಹುಟ್ಟುತ್ತದೆ. ಈ ಲೆಕ್ಕ ಪೂರ್ತಿ ತಲೆಕೆಳಗಾಗುವುದು ಶಂಕುಧಾರಿ ಮರಗಳ ವಿಷಯದಲ್ಲಿ. ಗಾಳಿಮರ ನೋಡಲು ಹಾಗೆ ಕಂಡರೂ ಆ ಗುಂಪಿಗೆ ಸೇರಿದ್ದಲ್ಲ. ಪೆಸಿಫಿಕ್ ಸಾಗರದ ದ್ವೀಪಗಳಿಂದ ಬಂದು, ಕ್ರಿಸ್‌ಮಸ್ ಮರವೆಂಬ ಹೆಸರಿನಲ್ಲಿ ನಮ್ಮ ಅಂಗಳಗಳಲ್ಲಿ ನೆಲೆಯೂರಿದ ಅರೌಕೇರಿಯ ನಿಜವಾದ ಶಂಕುಧಾರಿ. ಕುಂಡದಲ್ಲಿ ಮೊಳದುದ್ದ ಇದ್ದಾಗ ಚೆಂದವೆಂದು ಗೋಡೆಯ ಪಕ್ಕ ನೆಟ್ಟದ್ದು ಕೆಲವು ದಶಕಗಳಲ್ಲಿ ಮಾಳಿಗೆಯನ್ನೂ ವಿದ್ಯುತ್ ತಂತಿಯನ್ನೂ ದಾಟಿ ನಿಲ್ಲುತ್ತದೆ. ಇಲ್ಲಿ ಅದರ ದಿಮ್ಮಿಯನ್ನು ಕೇಳುವವರು ವಿರಳ. ಕಳೆಯಲು ಮರದ ಬೆಲೆಯೇ ಇಲ್ಲದಿರುವಾಗ ಕೆಲಸದ ನಿಜವಾದ ಬೆಲೆ ಎದುರಿಗೆ ಬರುತ್ತದೆ. ಆಗ ಯಜಮಾನರಿಗೆ ಅದು ಸುಲಿಗೆಯಂತೆ ತೋರುತ್ತದೆ.

ಸುಲಿಗೆಯೋ ಅಲ್ಲವೋ ಎಂಬುದನ್ನು ಶಾಲೆಯ ಗಣಿತದಿಂದಲೇ ನೋಡಬಹುದು. ಮೂವತ್ತು ಸೆಂಟಿಮೀಟರ್ ಅಡ್ಡಳತೆಯ, ಒಂದು ಮೀಟರ್ ಉದ್ದದ ತುಂಡೊಂದನ್ನು ತೆಗೆದುಕೊಳ್ಳಿ. ಹಸಿ ಮರ ಘನ ಮೀಟರಿಗೆ 850 ಕಿಲೋ ತೂಗುವುದೆಂದು ಹಿಡಿದರೆ ಆ ತುಂಡು ಸುಮಾರು 60 ಕಿಲೋ. ಅಡ್ಡಳತೆ 60 ಸೆಂಟಿಮೀಟರ್ ಆದಾಗ ಅಷ್ಟೇ ಉದ್ದದ ತುಂಡು ಸುಮಾರು 240 ಕಿಲೋ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟು. ಆದರೂ ನಮ್ಮ ಚೌಕಾಸಿಯೆಲ್ಲ ನಡೆಯುವುದು ಎತ್ತರದ ಮೇಲೆ, ‘ಎಷ್ಟು ಅಡಿ ಇದೆ’ ಎಂಬ ಒಂದೇ ಪ್ರಶ್ನೆಯ ಮೇಲೆ. ಆ 240 ಕಿಲೋ ತುಂಡನ್ನು ಹೆಂಚಿನ ಮೇಲೆ ಬೀಳದಂತೆ ಹಗ್ಗ ಕಟ್ಟಿ ಇಳಿಸುವವರು ಯಾರು, ಕೆಳಗೆ ಹಗ್ಗ ಹಿಡಿಯಲು ಎಷ್ಟು ಜನ ಬೇಕು, ಆ ಹಗ್ಗ ಎಷ್ಟು ಹಳೆಯದು? ದರ ನಿರ್ಧರಿಸಬೇಕಾದ ಪ್ರಶ್ನೆಗಳು ಇವು.

ಭದ್ರಾವತಿಯವರಿಗೆ ಮರದ ಲೆಕ್ಕ ಹೊಸತೇನಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಕುಲುಮೆ ಮೊದಲು ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. 1936ರಲ್ಲಿ ಸ್ಥಾಪಿತವಾದ ಕಾಗದ ಕಾರ್ಖಾನೆ ಮುಂದೆ ಅಕೇಶಿಯ, ನೀಲಗಿರಿಗಳ ನೆಡುತೋಪುಗಳನ್ನೇ ಬೆಳೆಸಿತು. ಅದರ ಉತ್ಪಾದನೆ ಸುಮಾರು 2015ರಲ್ಲಿ ನಿಂತರೂ ಟನ್ನಿನ ಲೆಕ್ಕದಲ್ಲಿ ಮರವನ್ನು ಕಾಣುವ ಅಭ್ಯಾಸ ಮಾತ್ರ ಉಳಿದಿದೆ. ನೆಡುತೋಪಿನಲ್ಲಿ ಮರವನ್ನು ಬುಡಕ್ಕೆ ಕಡಿದು ಒಮ್ಮೆಗೇ ಉರುಳಿಸಬಹುದು, ಬೀಳಲು ಜಾಗವಿರುತ್ತದೆ. ಅಂಗಳದಲ್ಲಿ ತುದಿಯಿಂದ ತುಂಡು ತುಂಡಾಗಿ ಇಳಿಸಬೇಕು. ತೋಪಿನಲ್ಲಿ ಅರ್ಧ ತಾಸಿನ ಕೆಲಸ ಇಲ್ಲಿ ಎರಡು ದಿನವಾದರೂ ಆಶ್ಚರ್ಯವಿಲ್ಲ. ನಾಲ್ವರು ಎರಡು ದಿನ ದುಡಿದರೆ ಎಂಟು ಆಳಿನ ಕೂಲಿ. ಯಂತ್ರಗರಗಸದ ಎಣ್ಣೆ, ಹಗ್ಗದ ಸವೆತ, ರೆಂಬೆ ಸಾಗಿಸುವ ಗಾಡಿ ಬಾಡಿಗೆ ಇವೆಲ್ಲ ಬೇರೆ.

ತಂತಿಯ ಪಕ್ಕದ ಮರವಾದರೆ ಮೆಸ್ಕಾಂಗೆ ತಿಳಿಸಿ ವಿದ್ಯುತ್ ನಿಲ್ಲಿಸಿದ ಮೇಲೆಯೇ ಹತ್ತಬೇಕು. ಇದಕ್ಕೆ ಅರ್ಧ ದಿನ ಕಾಯಬೇಕಾಗಬಹುದು. ಮೊತ್ತ ಬಿಗಿಯಾಗಿ ನಿಗದಿಯಾಗಿದ್ದರೆ ಆ ಅರ್ಧ ದಿನವನ್ನು ಕಾಯುವವರು ಯಾರು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಮಾತೂ ಹೀಗೆಯೇ. ಗಾಳಿ, ನೀಲಗಿರಿ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ಅದರಲ್ಲಿ ವಿನಾಯಿತಿಯುಂಟು. ಪಟ್ಟಿಯಲ್ಲಿಲ್ಲದ ಮರಕ್ಕೆ, ಅದು ಸ್ವಂತ ಅಂಗಳದ್ದೇ ಆಗಿರಲಿ, ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ತರುವ ಹೊಣೆ ಯಜಮಾನರದು, ಅದನ್ನು ಕೂಲಿಯವನ ತಲೆಗೆ ಕಟ್ಟುವುದು ಅನ್ಯಾಯ.

ಹಣ ಉಳಿಸಲು ಹಲವರು ಹಿಡಿಯುವ ದಾರಿ ‘ಅರ್ಧಕ್ಕೆ ಕಡಿದುಬಿಡಿ’ ಎಂಬುದು. ಹೊಂಗೆ ಚಿಗುರುವಂತೆ ಅರೌಕೇರಿಯ ಚಿಗುರಿ ಮೊದಲಿನ ಆಕಾರಕ್ಕೆ ಬರುವುದಿಲ್ಲ. ತುದಿ ಕಳೆದುಕೊಂಡ ಮರ ವಿರೂಪಗೊಂಡು, ಗಾಯದಲ್ಲಿ ನೀರಿಳಿದು ಕೊಳೆತರೆ ಮುಂದಿನ ಮಳೆಗಾಲಗಳಲ್ಲಿ ಇನ್ನಷ್ಟು ಅಪಾಯಕಾರಿಯಾಗುತ್ತದೆ. ಆಗ ಅದನ್ನು ಹತ್ತುವವನು ಹೆಚ್ಚು ಕೇಳುತ್ತಾನೆ, ಕೇಳಲೇಬೇಕು.

ಪರಿಸರದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಮರದ ಬೆಲೆಯಲ್ಲಿ ಕೂಲಿ ಹುಟ್ಟುವ ಪದ್ಧತಿಯಲ್ಲಿ ಕಡಿಯುವುದು ಅಗ್ಗ, ಸವರುವುದು ದುಬಾರಿ. ಒಣಗಿದ ಎರಡು ರೆಂಬೆಗಳನ್ನಷ್ಟೇ ತೆಗೆದರೆ ಸಾಕಾದ ಹಲಸಿನ ಮರಕ್ಕೆ ಕೂಲಿ ಕೊಡಬೇಕು. ಇಡೀ ಮರ ಕೊಟ್ಟರೆ ಕೈಗೆ ಹಣ ಬರುತ್ತದೆ. ಪರಿಣಾಮವಾಗಿ ಉಳಿಯಬೇಕಾದ ಹಲಸು ಉರುಳುತ್ತದೆ, ಗೋಡೆ ಸೀಳುತ್ತಿರುವ ಪರದೇಶಿ ಮರ ಖರ್ಚಿನ ಹೆದರಿಕೆಯಿಂದ ಉಳಿಯುತ್ತದೆ. ಕೆಲಸದ ದರ ಒಂದು ಕಡೆ, ಮರದ ಬೆಲೆ ಇನ್ನೊಂದು ಕಡೆ ಎಂದು ಎರಡು ಸಾಲುಗಳಲ್ಲಿ ಬರೆದಿಟ್ಟರೆ ಈ ಮೋಸ ಕಣ್ಣಿಗೆ ಕಾಣುತ್ತದೆ. ಬರೆಯಲು ಒಂದು ಚೀಟಿ ಸಾಕು: ದಪ್ಪ, ಎತ್ತರ, ತಂತಿ ಮತ್ತು ಮಾಳಿಗೆಯಿಂದ ದೂರ, ಆಳು, ದಿನ, ಹಗ್ಗ, ಸಾಗಣೆ, ಬುಡ ಕೀಳುವುದು ಸೇರಿದೆಯೇ ಇಲ್ಲವೇ. ಕಾಲೇಜು ವಿದ್ಯಾರ್ಥಿಗಳು ತಮ್ಮ ಬಡಾವಣೆಯಲ್ಲಿ ಮಳೆಗೆ ಮುನ್ನ ಇಂಥ ಚೀಟಿಗಳನ್ನು ಬರೆದುಕೊಡುವ ಕೆಲಸ ಹಿಡಿಯಬಹುದು.

ಅದೇ ಚೀಟಿಯಲ್ಲಿ ವಿಮೆಗೂ ಒಂದು ಸಾಲು ಇರಬೇಕು. ಊರಿನಲ್ಲಿ ಮರ ಹತ್ತಲು ಬರುವವರಲ್ಲಿ ಅಡಿಕೆ ಕೊಯ್ಲಿಲ್ಲದ ತಿಂಗಳುಗಳ ಕೊನೆಗಾರರೂ ಇರುತ್ತಾರೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯಿದೆ. ಅದೇ ಮನುಷ್ಯ ಅದೇ ಹಗ್ಗ ಹಿಡಿದು ಪಕ್ಕದ ಕ್ರಿಸ್‌ಮಸ್ ಮರ ಹತ್ತಿದಾಗ ಅವನ ಹೆಸರಿನಲ್ಲಿ ಕಂತು ಕಟ್ಟುವವರು, ಮರ ತೆಗೆಸುವ ಮನೆಯವರನ್ನು ಬಿಟ್ಟರೆ, ಬೇರೆ ಯಾರು?