ಕೆಟ್ಟಿದ್ದು ಒಲೆಯಲ್ಲ

ಮಳೆ ಹಿಡಿಯೋಕೆ ಇನ್ನು ಮೂರ್ನಾಲ್ಕು ವಾರ ಇದೆ. ಅಷ್ಟರೊಳಗೆ ಒಂದು ಮಾತು ಹೇಳಿಬಿಡಬೇಕು. ಕೆಲವರಿಗೆ ಸಿಟ್ಟು ಬರಬಹುದು, ಅಡ್ಡಿಲ್ಲ.

ಮೊನ್ನೆ ಒಂದು ಗೃಹಪ್ರವೇಶದ ಊಟ ಮುಗಿಸಿ ನಾಲ್ಕು ಜನ ಕವಳ ಹಾಕ್ತಾ ಕೂತಿದ್ವಿ. ಒಬ್ಬ ಅಂದ: “ಅಸ್ತ್ರ ಒಲೆ ಅಂತ ಬಂದಿತ್ತಲ್ಲ, ಅದೆಲ್ಲ ದಂಡ ಮಾರಾಯ. ಎರಡು ವರ್ಷಕ್ಕೇ ಹೊಗೆ ವಾಪಸ್ ಅಡುಗೆಮನೆಗೆ ಬರೋಕೆ ಶುರುವಾಯ್ತು. ಒಡೆದು ಹಾಕಿದೆ.” ಉಳಿದವರೂ ಹೌದು ಹೌದು ಅಂದ್ರು. ನಾನು ಕೇಳಿದೆ, “ಆ ಎರಡು ವರ್ಷದಲ್ಲಿ ಹೊಗೆ ಪೈಪು ಎಷ್ಟು ಸಲ ಕ್ಲೀನ್ ಮಾಡಿದ್ದೆ?” ಅವನು ನನ್ನ ಮುಖ ನೋಡಿದ. “ಅದನ್ನೂ ಕ್ಲೀನ್ ಮಾಡ್ಬೇಕಾ?”

ಇದೇ ಮನುಷ್ಯ ಬೋರ್ಡೋ ಹೊಡೆದ ಸಂಜೆ ಎಷ್ಟೇ ಸುಸ್ತಾದ್ರೂ ಪಂಪು ತೊಳೆಯದೆ ಮಲಗೋದಿಲ್ಲ. ಬೈಕಿನ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ತಾರೀಕು ಬರೆದಿಟ್ಟಿದ್ದಾನೆ. ಒಲೆಗೆ ಮಾತ್ರ ಸರ್ವಿಸ್ ಬೇಡ. ಯಾಕೆ ಹೇಳಿ? ಪಂಪು ಕೆಟ್ರೆ ನಷ್ಟ ನಮಗೆ. ಒಲೆ ಕೆಟ್ರೆ ಹೊಗೆ ಕುಡಿಯೋದು ಹೆಂಗಸರು. ಇಷ್ಟೇ ವಿಷಯ.

ಬೇರೆಯವರನ್ನ ಬೈಯೋ ಮೊದಲು ನನ್ನದೇ ಹೇಳ್ತೇನೆ. ನಮ್ಮ ಮನೆಗೆ ಅಸ್ತ್ರ ಒಲೆ ಹಾಕಿಸಿದ್ದು ಅಪ್ಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ ಕಟ್ಟಿದ ವಿಭಾಗ ‘ಅಸ್ತ್ರ’. ಒಲೆ ಅಲ್ಲಿಂದ ಬಂದದ್ದು. ಸಾಲಾಗಿ ಮೂರು ಪಾತ್ರೆ ಕೂರುತ್ತೆ. ಸೌದೆ ಉರಿಯೋದು ಕಬ್ಬಿಣದ ಜಾಲರಿ ಮೇಲೆ, ಗಾಳಿ ಕೆಳಗಿಂದ ಬರುತ್ತೆ. ಬಾಯಿಗೆ ಮುಚ್ಚಳ. ಬಿಸಿ ಗಾಳಿ ಮೂರೂ ಪಾತ್ರೆಯ ಅಡಿ ಮುಟ್ಟಿಕೊಂಡು ಹೋಗಿ ಪೈಪಿನಲ್ಲಿ ಮೇಲೆ ಹೋಗುತ್ತೆ. ಹಳೇ ಒಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ 10ರಿಂದ 15 ಪಾಲು ಪಾತ್ರೆಗೆ ಸಿಕ್ಕಿದ್ರೆ ದೊಡ್ಡದು. ಇದರಲ್ಲಿ, ಸರಿಯಾಗಿ ಉರಿಸಿದ್ರೆ, ಅದರ ಎರಡು ಪಟ್ಟಿಗಿಂತ ಕಡಿಮೆ ಇಲ್ಲ.

“ಸರಿಯಾಗಿ ಉರಿಸಿದ್ರೆ” ಅನ್ನೋದೇ ನಾವು ಮರೆತ ಮಾತು. ಈ ಒಲೆಗೆ ಸಣ್ಣಗೆ ಸೀಳಿದ, ಒಣಗಿದ ಸೌದೆ ಬೇಕು. ಅಪ್ಪ ಇರೋವರೆಗೆ ಸೀಳಿ ಕೊಡ್ತಿದ್ರು. ಆಮೇಲೆ ಆ ಕೆಲಸ ನನಗೆ ಬಂತು, ನಾನು ಮಾಡಲಿಲ್ಲ. ಕುಂಟೆ ಹಾಗೇ ತಂದು ಹಾಕಿದೆ. ಕುಂಟೆ ಒಳಗೆ ಹಿಡಿಸಲ್ಲ ಅಂತ ಅಮ್ಮ ಮುಚ್ಚಳ ತೆಗೆದಿಟ್ಟಳು. ಜಾಲರಿ ಸುಟ್ಟು ಬಾಗಿತು, ಬದಲಾಯಿಸಲಿಲ್ಲ. ಪೈಪಿನಲ್ಲಿ ಮಸಿ ಕಟ್ಟಿತು, ಹತ್ತಲಿಲ್ಲ. ಆಮೇಲೆ ಎಲ್ಲರ ಹಾಗೆ ನಾನೂ ಅಂದೆ: “ಈ ಒಲೆ ಸರಿ ಇಲ್ಲ.”

ಅಮ್ಮನ ಕೆಮ್ಮು ಜಾಸ್ತಿಯಾಗಿ ಡಾಕ್ಟರ ಹತ್ರ ಕರಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಇವರಿಗೆ ಬೀಡಿ ಅಭ್ಯಾಸ ಉಂಟಾ?” ಜೀವನದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ. ಎರಡನೇ ಪ್ರಶ್ನೆ, “ಸೌದೆ ಒಲೆಯಾ?” ಅಮ್ಮ ಹೌದು ಅಂದಳು. ನಾನು ನೆಲ ನೋಡ್ತಾ ನಿಂತಿದ್ದೆ. ಮರುದಿನ ಏಣಿ ಹಾಕಿ ಹತ್ತಿದೆ. ಪೈಪಿನಿಂದ ಒಂದು ಬುಟ್ಟಿ ಮಸಿ ಬಂತು. ಅರ್ಧ ಗಂಟೆಯ ಕೆಲಸ. ಆರು ವರ್ಷ ಮಾಡಿರಲಿಲ್ಲ.

ಸರ್ಕಾರದ್ದೂ ಪಾಲಿದೆ, ಇಲ್ಲ ಅನ್ನಲ್ಲ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತಿತು. ಎಷ್ಟು ಒಲೆ ಕಟ್ಟಿದ್ರು ಅನ್ನೋ ಲೆಕ್ಕ ಜೋರಾಗಿತ್ತು. ಕಟ್ಟಿದ ಮೇಲೆ ಎಷ್ಟು ಉರೀತಾ ಇವೆ, ಪೈಪು ಯಾರು ನೋಡ್ತಾರೆ ಅಂತ ನಮ್ಮೂರಿಗಂತೂ ಯಾರೂ ಬಂದು ಕೇಳಲಿಲ್ಲ. ಆದ್ರೆ ನಮ್ಮ ಮಾಡಿಗೆ ಏಣಿ ಹಾಕೋಕೆ ಇಲಾಖೆಯವರು ಬರಬೇಕಾ?

ಈಗ ಕೆಲವರು ಹೇಳ್ತಾರೆ, ಗ್ಯಾಸ್ ಬಂತಲ್ಲ, ಇನ್ನೆಂತ ಒಲೆ ಪುರಾಣ ಅಂತ. ಚಾ, ತಿಂಡಿಗೆ ಗ್ಯಾಸ್ ಸರಿ. ಬಚ್ಚಲ ಹಂಡೆಗೆ? ದನದ ಹಿಂಡಿ ಬೇಯಿಸೋಕೆ? ಮಳೆಗಾಲದ ನಾಲ್ಕು ತಿಂಗಳು ಸೋಲಾರ್ ಎಷ್ಟು ಕೆಲಸ ಮಾಡುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹೊಗೆ ಇನ್ನೂ ಮನೆಯೊಳಗೇ ಇದೆ, ಜಾಗ ಮಾತ್ರ ಬದಲಾಗಿದೆ.

ಇನ್ನು “ಒಳ್ಳೇ ಮೆಷಿನ್ ಬಂದ್ರೆ ಸಮಸ್ಯೆ ಇಲ್ಲ” ಅನ್ನೋರಿಗೆ ಒಂದು ವಿಷಯ. ನನ್ನ ಚಿಕ್ಕಪ್ಪನ ಮಗ ಅಮೆರಿಕದ ಚಳಿ ಸೀಮೆಯಲ್ಲಿದ್ದಾನೆ. ಅವನ ಮನೆ ಬೆಚ್ಚಗಿಡೋಕೆ ಇರೋದು ಕ್ಯಾಟಲಿಟಿಕ್ ಒಲೆ. ಒಳಗೆ ಜೇನುಹಟ್ಟಿಯಂಥ ಒಂದು ಬಿಲ್ಲೆ, ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ ಥರದ ಲೋಹದ ತೆಳು ಲೇಪ. ಸಾಮಾನ್ಯವಾಗಿ ಹೊಗೆ ಹೊತ್ತಿಕೊಳ್ಳೋಕೆ 550-600 ಡಿಗ್ರಿ ಬೇಕು. ಈ ಬಿಲ್ಲೆ ದಾಟುವಾಗ ಸುಮಾರು 260 ಡಿಗ್ರಿಗೇ ಹೊಗೆಯೇ ಉರಿದು ಶಾಖ ಕೊಡುತ್ತೆ. ಅಷ್ಟು ದುಬಾರಿ ಒಲೆ. ಆದ್ರೂ ಅವನು ವರ್ಷ ಮೊದಲೇ ಸೌದೆ ಸೀಳಿ, ಮಾಡಿನಡಿ ಒಟ್ಟಿ ಒಣಗಿಸ್ತಾನೆ. ಒಲೆ ಕಾಯೋವರೆಗೆ ಹೊಗೆಯನ್ನ ಬಿಲ್ಲೆಗೆ ಬಿಡೋದಿಲ್ಲ, ಬೇರೆ ದಾರಿ ತೆರೆದಿಡ್ತಾನೆ. ಬಿಲ್ಲೆಗೆ ಬೂದಿ ಕಟ್ಟಿದ್ರೆ ಆರಿದ ಮೇಲೆ ಮೆತ್ತನೆ ಬ್ರಷ್ ಹಿಡೀತಾನೆ. ಬಣ್ಣ ಹೊಡೆದ ಮರ, ಪ್ಲಾಸ್ಟಿಕ್ ಒಳಗೆ ಹಾಕಿದ್ರೆ ಬಿಲ್ಲೆ ಸತ್ತಂತೆ. ಪೈಪು ವರ್ಷಕ್ಕೊಮ್ಮೆಯಾದ್ರೂ ಗುಡಿಸಲೇಬೇಕು. ಅಲ್ಲಿ ಇದು ಮನೆಯ ಯಜಮಾನನ ಕೆಲಸ ಅಂತ ಅವನು ಹೆಮ್ಮೆಯಿಂದ ಹೇಳ್ತಾನೆ. ಊರಲ್ಲಿದ್ದಾಗ ಒಂದು ದಿನ ಒಲೆ ಬೂದಿ ತೆಗೆದವನಲ್ಲ!

ಹಸಿ ಸೌದೆ ಅವನ ಒಲೆಗೂ ಶತ್ರು, ನಮ್ಮ ಒಲೆಗೂ ಶತ್ರು. ಈಗ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಒಂದು ಲೀಟರ್ ನೀರು ಕುದಿ ಬರಿಸೋ ಶಾಖದ ಏಳು ಪಟ್ಟು ಶಾಖ ಬೇಕು, ಅದೇ ನೀರನ್ನ ಪೂರ್ತಿ ಆವಿ ಮಾಡೋಕೆ. ಅಂದ್ರೆ ಹಸಿ ಸೌದೆ ಹಾಕಿದವರು ಮೊದಲು ಸೌದೆಯ ನೀರು ಕಾಯಿಸ್ತಾರೆ, ಆಮೇಲೆ ಹಂಡೆಯ ನೀರು. ಆ ತಣ್ಣನೆ ಹೊಗೆ ಪೈಪಿಗೆ ಟಾರಿನ ಹಾಗೆ ಅಂಟುತ್ತೆ. ಮುಂದೊಂದು ದಿನ ಅದಕ್ಕೇ ಬೆಂಕಿ ಹಿಡಿದ್ರೆ ಮೇಲೆ ಅಟ್ಟ ಇದೆ, ಅಟ್ಟದ ಮೇಲೆ ಅಡಿಕೆ ಇದೆ. ಅಡಿಕೆ ಅಂದ್ರಾದ್ರೂ ಕಿವಿಗೆ ಬೀಳುತ್ತೇನೋ ಅಂತ ಹೇಳಿದೆ.

ಮಳೆಗೆ ಮೊದಲು ಮಾಡಬೇಕಾದ್ದು ಇಷ್ಟು. ಸೌದೆ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಸೀರು ತಾಗದ ಕಡೆ ಒಟ್ಟಿ. ಒಲೆ ಪೂರ್ತಿ ಆರಿದ ದಿನ ಪೈಪು ಗುಡಿಸಿ: ಹಗ್ಗದ ತುದಿಗೆ ಕಲ್ಲು, ಅದರ ಮೇಲೆ ಗೋಣಿಚೀಲ ಸುತ್ತಿ ಮೇಲಿಂದ ಇಳಿಸಿ ನಾಲ್ಕು ಸಲ ಎಳೆದಾಡಿದ್ರೆ ಆಯ್ತು. ದಿನಾ ಉರಿಯೋ ಒಲೆಗೆ ತಿಂಗಳಿಗೊಮ್ಮೆ ಬೇಕು. ಬೂದಿ ದಿನಾ ತೆಗೀರಿ, ಜಾಲರಿಯಡಿ ಗಾಳಿ ಆಡಬೇಕು. ಪಾತ್ರೆ ಇಡದ ಕಣ್ಣು ಮುಚ್ಚಿಡಿ. ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ ಬಚ್ಚಲ ಒಲೆಗೆ ಹಾಕೋದು ಇವತ್ತಿಗೇ ನಿಲ್ಲಿಸಿ.

ಇದನ್ನೆಲ್ಲ ಹೆಂಡತಿಗೆ ಓದಿ ಹೇಳಬೇಡಿ. ಅವಳಿಗೆ ಗೊತ್ತು. ಏಣಿ ನೀವು ಹತ್ತಿ.

ಅಮ್ಮ ಈಗ ದಿನಕ್ಕೆ ಎರಡು ಸಲ ಇನ್‌ಹೇಲರ್ ಎಳೀತಾಳೆ. ಒಲೆ ಈಗ ಚೆಂದ ಉರಿಯುತ್ತೆ, ಅಡುಗೆಮನೆಯಲ್ಲಿ ಹೊಗೆ ಇಲ್ಲ. ಕೆಮ್ಮು ಮಾತ್ರ ಹೋಗಲಿಲ್ಲ. ಆರು ವರ್ಷ ತಡ ಮಾಡಿದ್ದು ನಾನು.

ಹಗ್ಗ, ಏಣಿ ಇಲ್ಲದವರು ಭಾನುವಾರ ನಮ್ಮನೆಗೆ ಬನ್ನಿ. ಕೊಡ್ತೇನೆ. ಬೇಕಾದ್ರೆ ಜೊತೆಗೂ ಬರ್ತೇನೆ.