ನಂಬಿಕೆಗೂ ವಿಜ್ಞಾನಕ್ಕೂ ಒಂದೇ ತಕ್ಕಡಿಯೇ?

ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿಯನ್ನು ನೋಡುತ್ತಿದ್ದಾಗ ಜತೆಗಿದ್ದ ಹಿರಿಯರೊಬ್ಬರು ಕೇಳಿದರು: ‘ಎಲೆಕ್ಟ್ರಾನ್ ನೀವು ಕಣ್ಣಿಂದ ಕಂಡೀರೇನ್ರಿ? ನಿಮ್ಮದೂ ನಂಬಿಗಿ, ನಮ್ಮದೂ ನಂಬಿಗಿ.’ ವಿದ್ಯಾವಂತರಲ್ಲಿ ಬಹಳ ಚಲಾವಣೆಯಲ್ಲಿರುವ ಈ ವಾದವನ್ನು ನಾನು ಒಪ್ಪಲಾರೆ.

ಆ ನೆಲಕ್ಕೆ ಈ ಚರ್ಚೆ ಹೊಸದೇನಲ್ಲ. ಜಿನಸೇನಾಚಾರ್ಯರು ಆರಂಭಿಸಿದ ‘ಮಹಾಪುರಾಣ’ವನ್ನು ಶಿಷ್ಯ ಗುಣಭದ್ರರು ಮುಂದುವರಿಸಿದರು, ಆ ಗ್ರಂಥಕ್ಕೆ ಪೂಜೆ ಸಂದದ್ದು ಶಕ ವರ್ಷ 820ರಲ್ಲಿ, ಲೋಕಾದಿತ್ಯನು ಬಂಕಾಪುರದಿಂದ ಆಳುತ್ತಿದ್ದಾಗ. ಸೃಷ್ಟಿಕರ್ತನೊಬ್ಬನಿದ್ದರೆ ಸೃಷ್ಟಿಗೆ ಮುನ್ನ ಅವನೆಲ್ಲಿದ್ದ, ಯಾವ ಸಾಮಗ್ರಿಯಿಂದ ಜಗತ್ತನ್ನು ರಚಿಸಿದ ಎಂದು ಜಿನಸೇನರು ಅದರಲ್ಲಿ ಪ್ರಶ್ನಿಸುತ್ತಾರೆ. (ಕಾರ್ಲ್ ಸಗಾನ್ 1980ರ ‘ಕಾಸ್ಮೋಸ್’ ಕೃತಿಯಲ್ಲಿ ಈ ಭಾಗವನ್ನು ಉದ್ಧರಿಸಿದ್ದಾರೆ, ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೋ!) ಕೇಳಿದವರು ಶ್ರದ್ಧಾವಂತ ಮುನಿ ಎಂಬುದು ಗಮನಾರ್ಹ. ದೇವರನ್ನು ಜಗತ್ತಿನ ಕಾರಣವೆಂದು ಮುಂದಿಟ್ಟೊಡನೆ ಆ ಮಾತು ತರ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ.

ವ್ಯತ್ಯಾಸವಿರುವುದು ಕಣ್ಣಿಗೆ ಕಾಣುವುದರಲ್ಲಲ್ಲ, ತಪ್ಪೆಂದು ತೋರಿಸಲು ಎಡೆಗೊಡುವುದರಲ್ಲಿ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ವೇಳೆಯನ್ನು ಊರೂರಿಗೂ ನಿಮಿಷದ ಲೆಕ್ಕದಲ್ಲಿ ಮೊದಲೇ ಸಾರಲಾಗಿತ್ತು. ಅದು ಸುಳ್ಳಾಗಿದ್ದರೆ ಲೆಕ್ಕವನ್ನೇ ತಿದ್ದಬೇಕಾಗುತ್ತಿತ್ತು. ಹರಕೆ ಫಲಿಸದಿದ್ದರೆ ಭಕ್ತರು ದೇವರನ್ನು ಬಿಡುವುದಿಲ್ಲ. ಬಿಡಬೇಕೆಂದು ನಾನೂ ಹೇಳುವುದಿಲ್ಲ. ಮಗುವಿನ ಹಾಸಿಗೆಯ ಪಕ್ಕದಲ್ಲಿ ಕೈಮುಗಿದು ನಿಂತ ತಾಯಿ ಸಿದ್ಧಾಂತವೊಂದನ್ನು ಮಂಡಿಸುತ್ತಿಲ್ಲ, ಅವಳನ್ನು ಪರೀಕ್ಷೆಗೆ ಒಡ್ಡುವುದು ಒರಟುತನ. ಆದರೆ ಆ ನಂಬಿಕೆಯೂ ವಿಜ್ಞಾನದಷ್ಟೇ ಸಿದ್ಧವಾದ ಜ್ಞಾನವೆಂದು ಶಾಲೆಯ ಪಾಠಕ್ಕೆ ತರಹೊರಡುವವರ ವಿಷಯ ಬೇರೆ. ಏನು ಸಂಭವಿಸಿದರೆ ತಮ್ಮ ಮಾತನ್ನು ಹಿಂತೆಗೆದುಕೊಳ್ಳುತ್ತಾರೆಂಬುದನ್ನು ಅವರು ಮೊದಲು ತಿಳಿಸಲಿ.